ಎದುರಿಗೆ ಕೂತವರಿಗೆ ಮಜ್ಜಿಗೆ

ಕಳೆದ ವಾರ ಸಾಗರದ ಪೇಟೆಯಲ್ಲಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಡಬ್ಬಿ ತೆರೆದು ಒಂದು ಚಿಟಿಕೆ ನಶ್ಯ ಏರಿಸಿದರು. ಆ ಘಾಟಿಗೆ ನನಗೆ ಸೀನು ಬಂತು, ಹಿಂದೆಯೇ ನಮ್ಮ ಪಕ್ಕದ ಮನೆಯ ಮೇಷ್ಟ್ರ ನೆನಪೂ ಬಂತು... ಕಣ್ಣಲ್ಲಿ ನೀರು ಬಂದದ್ದು ನಶ್ಯದಿಂದ ಎಂದು ಅಂಗಡಿಯವನು ತಿಳಿದುಕೊಂಡ.

ಹೊಸನಗರದಲ್ಲಿ ಅವರ ಜಗಲಿಗೂ ನಮ್ಮ ಅಡುಗೆಮನೆಯ ಕಿಟಕಿಗೂ ನಡುವೆ ದಾಸವಾಳದ ಬೇಲಿಯೊಂದೇ ಅಡ್ಡ. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಪೂರ್ತಿ ತಾಳಮದ್ದಲೆಗೆ ಬಿದ್ದರು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟಬೇಕು, ಎದುರಿಗೆ ಕೂತವರ ವಾದವನ್ನು ಮುರಿಯಬೇಕು. ತೀರ್ಥಹಳ್ಳಿಯಿಂದ ಸಾಗರದವರೆಗೆ ಅವರಿಗೆ ಕರೆ ಬರುತ್ತಿತ್ತು. ಕೂಟದ ಹಿಂದಿನ ದಿನಗಳಲ್ಲಿ ಜಗಲಿಯ ಖಾಲಿ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಅದರ ಜೊತೆ ಗಟ್ಟಿಯಾಗಿ ವಾದಿಸುತ್ತಿದ್ದರು. ನನ್ನ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಕುರ್ಚಿ ಸೋತಿರುತ್ತಿತ್ತು.

ಅವರ ಕಾಯಿಲೆ ಶುರುವಾದಾಗ ನಾವೆಲ್ಲ ಮೋಸಹೋದದ್ದು ಈ ಅಭ್ಯಾಸದಿಂದಲೇ. ಬೇರೆ ಮನೆಯಲ್ಲಿ ಯಜಮಾನರು ಖಾಲಿ ಕುರ್ಚಿಯ ಜೊತೆ ಮಾತಾಡಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯುತ್ತಿದ್ದರು. ನಮ್ಮ ಬೀದಿಯಲ್ಲಿ ಮಾತ್ರ "ಮೇಷ್ಟ್ರಿಗೆ ಮತ್ತೆಲ್ಲೋ ಕೂಟ ಸಿಕ್ಕಿತು ಕಾಣ್ತದೆ" ಎಂದು ನಗುತ್ತಿದ್ದೆವು. ಆ ವರ್ಷ ಅವರಿಗೆ ಎಲ್ಲೂ ಕೂಟ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ನಶ್ಯದಲ್ಲಿ ಈಗ ಮೊದಲಿನ ಖಾರವಿಲ್ಲ, ವಾಸನೆಯೇ ಬರುವುದಿಲ್ಲ ಎಂದು ಅವರು ಅಂಗಡಿಯವನನ್ನು ಬೈಯುತ್ತಿದ್ದರು. ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಿದ್ದರು. ಕಾಲೆತ್ತದೆ ನೆಲ ಸವರುತ್ತ ನಡೆಯುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆವು...

ಒಂದು ಮಧ್ಯಾಹ್ನ ಅವರ ಹೆಂಡತಿ ಬೇಲಿಯ ಹತ್ತಿರ ಬಂದು ನಿಂತರು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ.

"ಎದುರಿಗೆ ಕೂತವರಿಗೆ ಮಜ್ಜಿಗೆ ಕೊಡು ಅಂದ್ರು ಮಾರಾಯ್ತಿ. ತಮಾಷೆ ಅಂತ ಖಾಲಿ ಕುರ್ಚಿ ಮುಂದೆ ತಂದಿಟ್ಟೆ. ಬಂದವರು ಕುಡೀಲಿಲ್ಲ, ನೀ ಉಪ್ಪು ಹಾಕ್ಲಿಲ್ಲ ಅಂತ ನಂಗೇ ಬೈದ್ರು."

ಅವರು ನಗಲಿಲ್ಲ. ನಾನು ಒಲೆ ಆರಿಸಿ ಬೇಲಿ ದಾಟಿ ಹೋದೆ.

ಆಮೇಲೆ ಮೇಷ್ಟ್ರಿಗೆ ಜಗಲಿಯ ಬೆಂಚಿನ ಕೆಳಗೆ ಇಲ್ಲದ ಸಣ್ಣ ಮಕ್ಕಳು ಕಾಣತೊಡಗಿದರು. ಬೆಳಿಗ್ಗೆ ನನ್ನ ಮಗಳಿಗೆ ಲೆಕ್ಕ ಹೇಳಿಕೊಡುವಷ್ಟು ಚುರುಕಾಗಿರುತ್ತಿದ್ದ ಮನುಷ್ಯ ಸಂಜೆಗೆ ಮಂಕಾಗಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ತೀರ್ಥಹಳ್ಳಿಯಿಂದ ಅಮ್ಮನ ತಮ್ಮ ಬಂದರು. ಅವರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಭಾವನ ಮುಂದೆ ಕೂತು ಒಂದು ಪದ್ಯದ ಮೊದಲ ಸಾಲು ಹೇಳಿದರು. ಮೇಷ್ಟ್ರು ಉಳಿದದ್ದನ್ನೆಲ್ಲ ತಡವರಿಸದೆ ಹೇಳಿ ಮುಗಿಸಿದರು.

"ಅಲ್ಜೈಮರ್ ಆಗಿದ್ರೆ ಮರೀಬೇಕಿತ್ತಲ್ಲ? ಡಿಮೆನ್ಷಿಯಾ ಅಂದ್ರೂ ಅದೇಯ. ಇದು ತಲೆ ಬಿಸಿ ಅಷ್ಟೆ" ಎಂದು ತೀರ್ಮಾನ ಕೊಟ್ಟರು. ಯಾರೋ ವೈದ್ಯರ ಹತ್ತಿರ, ಇಲ್ಲದವರು ಕಾಣುತ್ತಾರೆ ಎಂಬುದನ್ನಷ್ಟೇ ಹೇಳಿ, ಶಾಂತವಾಗಿಡುವ ಮಾತ್ರೆ ಬರೆಸಿಕೊಂಡು ಬಂದರು.

ಮೇಷ್ಟ್ರು ಶಾಂತರಾದರು. ಎಷ್ಟು ಶಾಂತರಾದರೆಂದರೆ ಮಂಚದಿಂದ ಏಳಲಿಲ್ಲ. ಕೈಕಾಲು ಮರಗಟ್ಟಿದವು, ಬಾಯಿಂದ ಜೊಲ್ಲು ಇಳಿಯಿತು, ಕುಡಿಸಿದ ನೀರು ಗಂಟಲಿಗೆ ಇಳಿಯದೆ ಹೊರಗೆ ಬಂತು. ನಾನು ಕಾರು ತೆಗೆದೆ. ಶಿವಮೊಗ್ಗದವರೆಗೆ ಅಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಕೇಳುತ್ತಿದ್ದರು, "ಉಸಿರು ಉಂಟಲ್ವಾ, ನೋಡು." ಗಾಡಿ ಓಡಿಸುವವಳು ಹೇಗೆ ನೋಡಲಿ? ಉಂಟು ಉಂಟು ಎನ್ನುತ್ತಲೇ ಹೋದೆ.

ನರರೋಗದ ಡಾಕ್ಟರಮ್ಮ ಮಾತ್ರೆಯ ಹಾಳೆ ನೋಡಿದ್ದೇ ಅದನ್ನು ನಿಲ್ಲಿಸಿದರು. ಜಗಲಿಯ ಮಾತು, ಮಕ್ಕಳು, ಗುಂಡಿ, ನಡಿಗೆ, ನಶ್ಯ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದರು. ರಕ್ತ ಪರೀಕ್ಷೆಗೆ ಕಳಿಸಿದರು, ತಲೆ ಸ್ಕ್ಯಾನ್ ಮಾಡಿಸಿದರು. ಎಲ್ಲ ಕೈಗೆ ಬಂದ ಮೇಲೆ ಡಿಮೆನ್ಷಿಯಾ ಎಂದರು. ನಮ್ಮ ಹಿಂದೆಯೇ ಬಂದಿದ್ದ ಅಮ್ಮನ ತಮ್ಮ ಬಾಗಿಲಲ್ಲೇ ನಿಂತು, "ಮರೆವೇ ಇಲ್ಲ ಡಾಕ್ಟ್ರೇ, ಮತ್ತೆ ಡಿಮೆನ್ಷಿಯಾ ಹೇಗೆ?" ಎಂದರು.

"ನಿಮ್ಮ ಕಡೆ ಬೇಸಿಗೇಲಿ ಜ್ವರ ಬಂದ್ರೆ ಮಂಗನ ಕಾಯಿಲೆ ಅಂತ ಹೆದರ್ತೀರಿ. ಹಾಗಂತ ಎಲ್ಲ ಜ್ವರಾನೂ ಮಂಗನ ಕಾಯಿಲೆನಾ? ಡಿಮೆನ್ಷಿಯಾ ಅನ್ನೋದು ಜ್ವರ ಇದ್ದಹಾಗೆ. ಬುದ್ಧಿ ಕುಗ್ಗಿ ದಿನದ ಕೆಲಸಕ್ಕೇ ತೊಂದ್ರೆ ಆದಾಗ ಹಾಗಂತೀವಿ. ಅದನ್ನ ತರೋ ಕಾಯಿಲೆ ಬೇರೆಬೇರೆ. ಹೆಚ್ಚು ಜನಕ್ಕೆ ಬರೋದು ಅಲ್ಜೈಮರ್, ಅದರಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ನೆನಪು. ಇವರದ್ದು ಲೂಯಿ ಬಾಡಿ ಅನ್ನೋ ಇನ್ನೊಂದು ಕಾಯಿಲೆ ಅಂತ ಕಾಣ್ತದೆ. ಇದರಲ್ಲಿ ಇಲ್ಲದ್ದು ಕಾಣ್ತದೆ, ಮೈ ಬಿಗೀತದೆ, ವಾಸನೆ ತಿಳಿಯದೆ ಹೋಗಬಹುದು. ಮರೆವು ತಡವಾಗಿ ಬರಬಹುದು. ಇಂಥವರಿಗೆ ಆ ಮಾತ್ರೆ ವಿಷ ಆಗಬಹುದು."

ಅಷ್ಟು ದಿನ ಡಿಮೆನ್ಷಿಯಾ, ಅಲ್ಜೈಮರ್ ಎರಡೂ ಒಂದೇ ಎಂದು ನಾನೂ ತಿಳಿದಿದ್ದೆ. ಅಮ್ಮನಿಗೆ ಹೆಸರುಗಳು ಬೇಕಿರಲಿಲ್ಲ. "ನುಂಗ್ತಾರಾ?" ಎಂದಷ್ಟೇ ಕೇಳಿದರು. ಕಾದು ನೋಡಬೇಕು ಎಂದರು ಡಾಕ್ಟರಮ್ಮ.

ಕಾದೆವು. ಮೂಗಿಗೆ ನಳಿಗೆ ಹಾಕಿದ್ದ ಆ ಮುಖ ನೋಡುತ್ತ ದಿನಗಟ್ಟಲೆ ಕೂತೆವು. ಕೊನೆಗೊಂದು ಬೆಳಿಗ್ಗೆ ನರ್ಸ್ ಚಮಚದಲ್ಲಿ ಗಂಜಿ ತಿಳಿ ಕೊಟ್ಟಾಗ ಗಂಟಲು ಅಲುಗಿತು. ಮೇಷ್ಟ್ರು ಕಣ್ಣು ತೆರೆದು ಹೆಂಡತಿಯನ್ನು ನೋಡಿ, "ಉಪ್ಪಿಲ್ಲ" ಎಂದರು. ಅಮ್ಮ ಗೋಡೆಗೆ ಮುಖ ಮಾಡಿ ಅತ್ತರು. ತಮ್ಮ ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಮನೆಗೆ ಬಂದ ಮೇಲೂ ಮಕ್ಕಳು ಕಾಣುತ್ತಲೇ ಇದ್ದರು. ಒಮ್ಮೆ ಮೇಷ್ಟ್ರು ನನ್ನನ್ನು ಹತ್ತಿರ ಕರೆದು ಕೇಳಿದರು, "ಬೆಂಚಿನ ಕೆಳಗೆ ಯಾರಾದ್ರೂ ಇದಾರೇನೆ? ನಿಜ ಹೇಳು."

"ನಂಗೆ ಕಾಣ್ತಿಲ್ಲ ಮೇಷ್ಟ್ರೇ."

"ಹಾಗಾದ್ರೆ ಇಲ್ಲ. ಇರ್ಲಿ ಬಿಡು, ಗಲಾಟೆ ಮಾಡ್ತಿಲ್ಲ."

ಹಾಗೆಯೇ ಕೆಲವು ವರ್ಷ ಕಳೆದವು. ಕೊನೆಯ ತಿಂಗಳುಗಳಲ್ಲಿ, ಡಾಕ್ಟರಮ್ಮ ಹೇಳಿದ್ದಂತೆ, ಮರೆವೂ ಬಂತು. ಒಂದು ದಿನ ನನ್ನ ಎದುರಿಗೇ ಅಮ್ಮನನ್ನು ನೋಡಿ, "ನೀವು ಯಾರ ಮನೆಯವ್ರು? ಊಟ ಮಾಡ್ಕೊಂಡು ಹೋಗಿ" ಎಂದು ಉಪಚಾರ ಮಾಡಿದರು. ಅಮ್ಮ "ಆಯ್ತು" ಎಂದು ಒಳಗೆ ಹೋದರು.

ಮೇಷ್ಟ್ರು ತೀರಿಕೊಂಡ ಮೇಲೆ ತಾಳಮದ್ದಲೆಯ ಬಳಗ ಶ್ರದ್ಧಾಂಜಲಿ ಸಭೆ ಇಟ್ಟಿತು. ಭಾಷಣಕಾರರೊಬ್ಬರು ದನಿ ಗದ್ಗದ ಮಾಡಿಕೊಂಡು, ಅಲ್ಜೈಮರ್‌ನಿಂದಾಗಿ ನಮ್ಮ ಮೇಷ್ಟ್ರು ಕಟ್ಟಿಕೊಂಡ ಹೆಂಡತಿಯನ್ನೂ ಮರೆತಿದ್ದರು ಎಂದರು. ಸಭೆಯಲ್ಲಿ ಎಂದೂ ಬಾಯಿಬಿಡದ ಅಮ್ಮ ಎದ್ದು ನಿಂತರು.

"ಅವರಿಗಿದ್ದದ್ದು ಅಲ್ಜೈಮರ್ ಅಲ್ಲ. ಅವರು ನನ್ನ ಮರೀಲೂ ಇಲ್ಲ."

ನಾನು ತಲೆ ತಗ್ಗಿಸಿ ಕೂತೆ.

ಅಮ್ಮ ಈಗ ತೀರ್ಥಹಳ್ಳಿಯಲ್ಲಿ, ಮದುವೆಯಾಗಿ ಹೋದ ಮಗಳ ಜೊತೆ ಇದ್ದಾರೆ. ಸಾಗರದಿಂದ ಬಂದ ಮರುದಿನವೇ ನೋಡಲು ಹೋಗಿದ್ದೆ. ಮಾತಿನ ನಡುವೆ ಸಭೆಯ ವಿಷಯ ಬಂತು. ಅವರು ತಾವಾಗಿಯೇ ಹೇಳಿದರು:

"ನಾ ಹೇಳಿದ್ರಲ್ಲಿ ಮೊದಲನೇದು ನಿಜ. ಎರಡನೇದು ಸುಳ್ಳು, ನೀನೂ ನೋಡಿದೀಯಲ್ಲ. ಗುರ್ತು ಸಿಗದಿದ್ರೂ ಊಟ ಮಾಡಿ ಹೋಗಿ ಅಂದ್ರು. ಈಗ ಹಾಗೆ ಹೇಳುವವ್ರೂ ಇಲ್ಲ ಮಾರಾಯ್ತಿ..."