ಒಂದು ಕಿತ್ತರೆ ಎರಡು

ತಿಪಟೂರಿನ ಕಾಲೇಜೊಂದರಲ್ಲಿ ಗಣಿತದ ಪಾಠ ಮಾಡುತ್ತೇನೆ. ಪಿಎಚ್‌ಡಿಗೆ ಹಿಡಿದದ್ದು ಒಂದಕ್ಕೊಂದು ತಾಗದ ರೇಖೆಗಳ ಗುಂಪು ಕಟ್ಟುವ ಕೆಲಸ. ಏನು ಉಪಯೋಗ ಅಂದವರಿಗೆಲ್ಲ "ನಿಮ್ಮ ತಲೆ" ಎಂದು ಸಿಡುಕುತ್ತಿದ್ದೆ. ಅವ್ವ ಕೇಳಿದಾಗ ಮಾತ್ರ ಹಾಗೆನ್ನಲಾಗಲಿಲ್ಲ. ಲಕ್ವ ಹೊಡೆದು ಮಾತು ನಿಂತಿದ್ದ ಅಪ್ಪನ ಪಕ್ಕ ಕೂತೂ ಕೂತೂ ಅವಳು ಒಣಗಿಹೋಗಿದ್ದಳು.

ಅವಳಿಗೆ ತೋರಿಸಿಯೇ ಬಿಡೋಣವೆಂದು ಅಟ್ಟದಿಂದ ತೆಂಗಿನಕಾಯಿ ಇಳಿಸಿ ಹಜಾರದಲ್ಲಿ ಕೂತೆ. ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಒಳಗೆ ಕೊಬ್ಬರಿ ಗಡಗಡ ಅಂದದ್ದನ್ನೇ ಕೊಟ್ಟಳು. ಬಿಂದುವಿಗೊಂದು ಕಾಯಿ. ಯಾವ ಯಾವ ಕಾಯಿ ಸೇರಿ ಒಂದು ರೇಖೆ ಎಂಬುದು ಮೊದಲೇ ಗೊತ್ತು, ಒಂದೇ ಕಾಯಿ ಹಲವು ರೇಖೆಗಳಲ್ಲಿ ಬರುತ್ತದೆ. ಆರಿಸಿದ ರೇಖೆಗೆ ನೂಲು ಸುತ್ತಬೇಕು, ಒಂದು ಕಾಯಿಗೆ ಎರಡು ನೂಲು ಬೀಳಬಾರದು. ಕೊನೆಗೆ ಒಂದಷ್ಟು ಕಾಯಿ ನೂಲಿಲ್ಲದೆ ಉಳಿದವು.

"ಇವನ್ನೂ ಸೇರ್ಸೇ."

"ಆಗಲ್ಲ ಕಣವ್ವ. ಯಾವ ರೇಖೆ ತಗೊಂಡ್ರೂ ಕಟ್ಟಿರೋದಕ್ಕೆ ತಾಗುತ್ತೆ. ಇಷ್ಟಕ್ಕೇ ಮುಗೀತು."

"ಇಷ್ಟೊಂದು ಮಿಕ್ಕಿರುವಾಗ ಅದೆಂಥಾ ಮುಗಿಯೋದೇ!"

"ಒಂದು ಕಿತ್ತಾಕಿದ್ರೆ ಒಂದೊಂದ್ಸಲ ಎರಡು ಕೂರ್ತವೆ, ನೋಡು" ಎಂದು ಒಂದು ನೂಲು ಕಿತ್ತು ತೋರಿಸಿದೆ. ಆ ಜಾಗದಲ್ಲಿ ಹೊಸ ರೇಖೆ ಎರಡು ಕೂತವು. ಅವ್ವ ಬಾಯ್ತುಂಬ ನಕ್ಕಳು.

ಆ ವಾರವೇ ಅಪ್ಪ ರಕ್ತ ಕಾರಿಕೊಂಡ. ಮಿದುಳಲ್ಲಿ ಹೆಪ್ಪುಗಟ್ಟದಿರಲೆಂದು ಕೊಡುತ್ತಿದ್ದ ಮಾತ್ರೆ ಹೊಟ್ಟೆಯನ್ನು ಕೊರೆದಿತ್ತು. ಅದನ್ನು ಬಿಟ್ಟರೆ ಹೆಪ್ಪು, ಬೇರೆಯದು ಸೇರಿಸಿದರೆ ಕಿಡ್ನಿ ತಡೆಯುವುದಿಲ್ಲ. "ಇನ್ನು ಸೇರಿಸೋದಕ್ಕೆ ಏನೂ ಇಲ್ಲಮ್ಮ" ಎಂದರು ಆಸ್ಪತ್ರೆಯಲ್ಲಿ ಡಾಕ್ಟರು. ಹಾಳಾದ್ದು, ನನಗೆ ತಕ್ಷಣ ಅರ್ಥವಾಯಿತು.

ಅವ್ವ ನನ್ನ ಕೈ ಹಿಡಿದು ಜಗ್ಗಿದಳು. "ಒಂದು ಕಿತ್ತಾಕಿ ಅಂತ ಹೇಳೇ. ಎರಡು ಕೂರ್ತವೆ!"

ಅವ್ವಾ, ಅದು ಕಾಯಿ ಕಣೇ, ಇದು ಅಪ್ಪ ಎಂದು ಕಿರುಚಬೇಕೆನಿಸಿತು. ಅಷ್ಟರಲ್ಲಿ ಡಾಕ್ಟರೇ, ರಕ್ತ ನಿಲ್ಲಬೇಕಾದರೆ ಆ ಮಾತ್ರೆ ನಿಲ್ಲಿಸಲೇಬೇಕು, ಆಮೇಲಿನದು ನಮ್ಮ ಕೈಲಿಲ್ಲ ಎಂದರು. ಅವ್ವನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. "ನೋಡ್ದಾ, ಒಪ್ಕೊಂಡ್ರು!" ಎಂದು ಅವರಿಗೆ ಕೈಮುಗಿದಳು.

ರಕ್ತವೇನೋ ನಿಂತಿತು. ಆ ಎರಡು ಹೊಸ ಮಾತ್ರೆ ಯಾವಾಗ ಕೊಡ್ತೀರಿ ಎಂದು ಅವ್ವ ಬಂದ ಬಂದ ನರ್ಸನ್ನೆಲ್ಲ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಮತ್ತೆ ಹೆಪ್ಪುಗಟ್ಟಿತು, ಅಪ್ಪ ಹೋದ.

ಹೆಣ ಮನೆಗೆ ಬಂದಾಗ ಹಜಾರದ ತುಂಬ ಕಾಯಿ ಹಾಗೇ ಇದ್ದವು. ಮಲಗಿಸಲು ಜಾಗ ಬೇಕಿತ್ತು. ನೂಲನ್ನೆಲ್ಲ ಕಿತ್ತು ಕಾಯಿಗಳನ್ನು ಕಾಲಲ್ಲೇ ಗೋಡೆಗೆ ತಳ್ಳಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಲ್ಲಾನೂ ಕಿತ್ತಾಕ್ದಲ್ಲೇ, ಈಗ ಎಷ್ಟು ಕೂರ್ತವೆ?"