ಶ್ರಾವಣದಲ್ಲಿ ಓದಿಸಿದ ಗಾಬರಿಯ ಪುಸ್ತಕ

ಆ ಪುಸ್ತಕ ಸಿಕ್ಕ ದಿನ ನಾನು ಹುಮನಾಬಾದಿನಿಂದ ನಮ್ಮೂರು ಬಸವಕಲ್ಯಾಣದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಇರಲಿಲ್ಲವೆಂದಲ್ಲ, ಕೂರಲು ಸಮಾಧಾನವಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಹುಮನಾಬಾದಿನ ಶಾಲೆಯೊಂದರಲ್ಲಿ ನಾನು ಟೀಚರ್, ದಿನಾ ಬಸ್ಸಿನ ಓಡಾಟ. ಆ ಸಂಜೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಅಡುಗೆ ಪುಸ್ತಕಗಳ ಹಿಂದೆ ಬಿದ್ದಿದ್ದ ತೆಳ್ಳನೆಯ ಪುಸ್ತಕವೊಂದನ್ನು ತೆರೆದರೆ ಮೊದಲ ಪುಟದಲ್ಲೇ ನಮ್ಮ ಅವ್ವ ಇದ್ದಳು! ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಅಂಗೈ ತಣ್ಣಗಾಗುವುದು, ಈಗಲೇ ಸತ್ತೆ ಅನ್ನಿಸುವುದು. ಇದರ ಹೆಸರು ಗಾಬರಿ, ಹಂತಹಂತವಾಗಿ ನಾವೇ ಇದನ್ನು ಪಳಗಿಸಿಕೊಳ್ಳಬಹುದು ಎಂದು ಯಾರೋ ಮನಸ್ಸಿನ ಡಾಕ್ಟರು ತಿಳಿಗನ್ನಡದಲ್ಲಿ ಬರೆದಿದ್ದರು.

ಹಿಂದಿನ ವರ್ಷ ಅವ್ವ ಹುಮನಾಬಾದಿಗೆ ಹೊರಟವಳು ತುಂಬಿದ ಬಸ್ಸಿನಲ್ಲಿ ಹೀಗೇ ಆಗಿ, ದಾರಿ ಮಧ್ಯೆ ಬಸ್ ನಿಲ್ಲಿಸಿ ಇಳಿದುಬಿಟ್ಟಿದ್ದಳು. ಆಮೇಲೆ ಹೊಸ್ತಿಲು ದಾಟಲಿಲ್ಲ. ಮನೆಗೆ ಬಂದ ಡಾಕ್ಟರು ಎದೆಯಲ್ಲಿ ಏನೂ ದೋಷವಿಲ್ಲ ಎಂದರು, ಓಣಿಯವರು ದೃಷ್ಟಿಯಾಗಿದೆ ಎಂದರು. ಇಷ್ಟರಲ್ಲಿ ಹುಮನಾಬಾದಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಎರಡನೆಯ ಕೂಸು ಹುಟ್ಟಿ ತೊಟ್ಟಿಲಿಗೂ ಹಾಕಿದರು. ಅವ್ವ ಮಾತ್ರ ಆ ಮೊಮ್ಮಗಳ ಮುಖ ನೋಡಿರಲಿಲ್ಲ. "ಅವ್ವಗ ನನ್ನ ಮ್ಯಾಲ ಸಿಟ್ಟದೇನು?" ಎಂದು ಅಕ್ಕ ಕೇಳಿದಾಗಲೆಲ್ಲ ನಾನು ಏನೋ ಒಂದು ನೆಪ ಹೇಳಿ ಶಾಲೆಗೆ ಓಡುತ್ತಿದ್ದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳುತ್ತೇನೆಂದು ಉತ್ಸಾಹದಿಂದ ಕೂತರೆ, "ನನಗೇನ್ ಹುಚ್ಚ ಹಿಡದದ? ನಿನ್ನ ಪುಸ್ತಕ ನೀನೇ ಇಟ್ಕೋ" ಎಂದು ಮುಖ ತಿರುಗಿಸಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೂಗಾಡಿದೆ. ಆ ಕೂಗಿಗೆ ಪಕ್ಕದ ಮನೆಯ ಹಿರಿಯಾಕೆ, ಓಣಿಗೆಲ್ಲ ಕಾಕು, ಓಡಿ ಬಂದರು. ವಿಷಯ ಕೇಳಿ, ಪುಸ್ತಕ ತಿರುಗಿಸಿ ಮುರುಗಿಸಿ ನೋಡಿ ಅಂದರು: "ಹಿಂಗ್ ಹಾದಿ ಬೀದಿ ಮಾತಿನಾಂಗ ಓದಿದ್ರ ಯಾರ್ ಕೇಳ್ತಾರ? ನಾಳಿಗಿ ಶ್ರಾವಣ ಹಿಡೀತದ. ದಿನಾ ಸಂಜಿಗಿ ಇದನ್ನೇ ಪುರಾಣ ಹಚ್ಚು."

ನಾನು ನಕ್ಕೆ. ಕಾಕು ನಗಲಿಲ್ಲ. ಮರುದಿನ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ನೆರೆದಿದ್ದರು, ಮಣೆಯ ಮೇಲೆ ಗ್ರಂಥಾಲಯದ ಪುಸ್ತಕ ವಿಭೂತಿ, ಹೂವು ಏರಿಸಿಕೊಂಡು ಕೂತಿತ್ತು! ನಾನು ಓದುವವಳು, ಕಾಕು ಅರ್ಥ ಹೇಳುವವರು. ನಿಧಾನವಾಗಿ ಉಸಿರು ಬಿಡಬೇಕೆಂದು ನಾನು ಓದಿದರೆ, ಕಾಕು "ಬಿಸಿ ಚಹಾ ಊದಿದಾಂಗ್ರಿ" ಎಂದು ಬಿಡಿಸಿ ಹೇಳುತ್ತಿದ್ದರು, ಪಡಸಾಲೆಗೆ ಪಡಸಾಲೆಯೇ ಊದುತ್ತಿತ್ತು. ಮೂಲೆಯಲ್ಲಿ ಕೂತ ಅವ್ವನೂ ಊದುತ್ತಿದ್ದಳು. ಪುರಾಣಕ್ಕೆ ಒಲ್ಲೆ ಅನ್ನುವುದು ಹೇಗೆ? ಅರ್ಥ ಕೇಳುತ್ತ ಕೇಳುತ್ತ ಒಬ್ಬೊಬ್ಬರೇ, ನನಗೂ ಹಿಂಗ ಆಗ್ತದ್ರಿ ಅನ್ನತೊಡಗಿದರು. ಓಣಿಯಲ್ಲಿ ಇಷ್ಟು ಗಾಬರಿ ಬಚ್ಚಿಟ್ಟುಕೊಂಡಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇದು ತನಗೊಬ್ಬಳಿಗೇ ಅಂಟಿದ್ದೆಂದು ತಿಳಿದಿದ್ದ ಅವ್ವ ಬಾಯಿ ತೆರೆದುಕೊಂಡು ಕೇಳುತ್ತ ಕೂತಿರುತ್ತಿದ್ದಳು.

ಪುರಾಣದಲ್ಲಿ ಬಂದದ್ದನ್ನು ಮರುದಿನ ಆಚರಿಸಬೇಕು ಎನ್ನುವುದು ಕಾಕುವಿನ ಕಟ್ಟಳೆ. ಹಾಗಾಗಿ ಪುಸ್ತಕದಲ್ಲಿ ಅಂಗಳ ಬಂದಾಗ ಅವ್ವ ಅಂಗಳಕ್ಕೆ ಬಂದಳು, ಬೀದಿಯ ತುದಿ ಬಂದಾಗ ಬೇವಿನ ಗಿಡದವರೆಗೆ ಹೋದಳು. ಭಯವಾಗುವ ಜಾಗದಲ್ಲಿ ಸುಮ್ಮನೆ ಕೂತು ಬನ್ನಿ ಎಂಬ ಅಧ್ಯಾಯ ಬಂದ ಮರುದಿನ ಇಡೀ ಪುರಾಣವೇ ಬಸ್ ಸ್ಟ್ಯಾಂಡಿಗೆ ಹೊರಟಿತು. ನಿಂತಿದ್ದ ಹುಮನಾಬಾದ್ ಬಸ್ಸು ಹತ್ತಿ ಅವ್ವನನ್ನು ನಡುವೆ ಕೂರಿಸಿಕೊಂಡೆವು.

"ಎಲ್ಲಿಗಿ ಹೊಂಟೀರ್ರಿ?" ಎಂದ ಕಂಡಕ್ಟರ್.

"ಎಲ್ಲಿಗೂ ಇಲ್ರಿ. ಸುಮ್ಮ ಕೂಡಾಕ ಬಂದೇವಿ," ಎಂದರು ಕಾಕು. ಬಸ್ ಚಾಲೂ ಆದಾಗ ಎಲ್ಲರೂ ದಡದಡ ಇಳಿದೆವು. ಅವ್ವ ನಗುತ್ತಿದ್ದಳು. ಆ ನಗು ಕಂಡು ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಈ ಗದ್ದಲದಲ್ಲಿ ಪುಸ್ತಕ ಮರಳಿಸುವ ದಿನ ಕಳೆದೇಹೋಗಿತ್ತು. ಕೊಟ್ಟುಬರುತ್ತೇನೆಂದರೆ ಕಾಕು ಬಿಡಲಿಲ್ಲ. ಮಂಗಲವಾಗದೆ ಗ್ರಂಥ ಮನೆ ಬಿಡಬಾರದು. ಕೊನೆಗೆ ಶ್ರಾವಣದ ಜೊತೆಗೆ ಪುಸ್ತಕವೂ ಮುಗಿಯಿತು, ಮಂಗಲಾರತಿಯಾಯಿತು, ಹುಗ್ಗಿ ಉಂಡೆವು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಕಾಕು ಕೈ ಹಿಡಿದರು.

"ನೀ ಒಯ್ಯಬ್ಯಾಡ. ಓದಿಸಿದವ್ರೇ ಗ್ರಂಥ ಬಂದಲ್ಲಿಗಿ ಮುಟ್ಟಿಸಬೇಕು."

ಪುರಾಣ ನಡೆದದ್ದು ಅವ್ವನ ಮನೆಯಲ್ಲಿ, ಅಂದ ಮೇಲೆ ಓದಿಸಿದವಳು ಅವ್ವ. ಪುಸ್ತಕ ಬಂದದ್ದು ಹುಮನಾಬಾದಿನಿಂದ. ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಎದ್ದು ಒಳಗೆ ಹೋದಳು.

ಬೆಳಿಗ್ಗೆ ನೋಡಿದರೆ ಅವ್ವ ಸೀರೆ ಉಟ್ಟು, ಪುಸ್ತಕವನ್ನು ಹೊಸ ಖಣದ ಬಟ್ಟೆಯಲ್ಲಿ ಸುತ್ತಿ ಹಿಡಿದು, ಹೊಸ್ತಿಲ ಹೊರಗೆ ನಿಂತಿದ್ದಳು! ಬಸ್ಸಿನಲ್ಲಿ ಅವಳ ಪಕ್ಕ ಕೂತ ನನಗೇ ಎದೆ ಹೊಡೆದುಕೊಳ್ಳುತ್ತಿತ್ತು. ಅರ್ಧ ದಾರಿಯಲ್ಲಿ ಅವಳ ಮುಖ ಬಿಳುಚಿತು.

"ಬಂತು," ಎಂದಳು.

"ಇಳಿಯೋಣೇನವ್ವಾ?"

ಬೇಡವೆಂದು ತಲೆ ಅಲ್ಲಾಡಿಸಿದಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಚಹಾ ಊದಿದ ಹಾಗೆ ಊದಿದಳು, ಮತ್ತೆ ಊದಿದಳು. ಬಹಳ ಹೊತ್ತಿನ ಮೇಲೆ, "ಹೋಗಾಕತ್ತದ," ಎಂದಳು.

ಗ್ರಂಥಾಲಯದಲ್ಲಿ ಪೇಪರ್ ಓದುತ್ತಿದ್ದ ಗಂಡಸರೆಲ್ಲ ತಲೆಯೆತ್ತಿದರು. ವಿಭೂತಿ ಮೆತ್ತಿದ ಪುಸ್ತಕ ನೋಡಿ ಗ್ರಂಥಪಾಲಕರು ಗೊಂದಲಕ್ಕೆ ಬಿದ್ದರು. "ಇದೇನ್ರಿ ಅವ್ವಾರ, ಪೂಜಾ ಮಾಡೀರೇನು?"

"ಪುರಾಣ ಹಚ್ಚಿದ್ವಿರಿ. ಮಂಗಲ ಆಯ್ತು, ಮುಟ್ಟಸಾಕ ಬಂದೇನಿ," ಎಂದಳು ಅವ್ವ. ಅವರು ಎರಡೂ ಕೈ ಚಾಚಿ ಪುಸ್ತಕ ತೆಗೆದುಕೊಂಡರು.

ಹೊರಗೆ ಬಂದ ಮೇಲೆ ಅವಳನ್ನು ಅಕ್ಕನ ಮನೆಗೆ ಬಿಟ್ಟು ಶಾಲೆಗೆ ಓಡಬೇಕೆಂದು ನಾನು ಗಡಿಬಿಡಿ ಮಾಡುತ್ತಿದ್ದೆ. ಅವ್ವ ಖಣದ ಬಟ್ಟೆಯನ್ನು ಝಾಡಿಸಿ, ನೀಟಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದ್ರಾಗ ಕೂಸಿನ ತಲಿಗಿ ಕುಂಚಿಗಿ ಹೊಲೀತೀನಿ," ಎಂದಳು. "ನೀ ಸಾಲಿಗಿ ಹೋಗು. ಮಗಳ ಮನಿ ನನಗ ಗೊತ್ತದ."

ಆ ತುಂಬಿದ ರಸ್ತೆಯಲ್ಲಿ ಅವ್ವ ಒಬ್ಬಳೇ ನಡೆದುಹೋದಳು.