ಹಿತ್ತಿಲ ನೀರು ನಿಲ್ಲಿಸಿದ್ದು

ಡಚ್ಚರ ನಾಡಿನ ಗ್ರೋನಿಂಗನ್ ಊರಿನ ಹೊರವಲಯದಲ್ಲಿ ನಾವು ಕೊಂಡ ಮನೆಯ ಹಿತ್ತಿಲಲ್ಲಿ ಒಂದು ಪುಟ್ಟ ಈಜುಕೊಳವಿತ್ತು. ಕೊಳದ ಒಂದು ಬದಿಗೆ ಎದೆಯೆತ್ತರದ ಕಲ್ಲಿನ ಗೋಡೆ. ಪಂಪು ಹಾಕಿದರೆ ಆ ಗೋಡೆಯ ಮೇಲಿನ ಸೀಳಿನಿಂದ ನೀರು ತೆಳ್ಳಗೆ ಕೊಳಕ್ಕೆ ಸುರಿಯುತ್ತಿತ್ತು. ನನಗಾಗಲಿ ನನ್ನ ಗಂಡನಿಗಾಗಲಿ ಈಜು ಬರುವುದಿಲ್ಲ. ನಮಗೆ ಬೇಕಿದ್ದದ್ದು ಮನೆ, ಕೊಳ ಅದರ ಜೊತೆಗೆ ಬಂತು.

ಕೊಳ ದಕ್ಕಿದ್ದು ನನ್ನ ಅತ್ತೆಗೆ. ಆಗಸ್ಟ್ ಕೊನೆಯಲ್ಲಿ ಅವರು ಧಾರವಾಡದಿಂದ ನಮ್ಮಲ್ಲಿ ಇರಲು ಬಂದಿದ್ದರು. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ತಮ್ಮ ಮಗನ ಹಳೆಯ ಕೋಟು ತೊಟ್ಟು, ಆ ಗೋಡೆಯೆದುರು ಕುರ್ಚಿ ಹಾಕಿಕೊಂಡು ಬತ್ತಿ ಹೊಸೆಯುತ್ತಿದ್ದರು. ನನ್ನೊಂದಿಗೆ ಅವರ ಮಾತು ಕಡಿಮೆ. ನಾನು ಮೈಸೂರಿನವಳು, ನನ್ನ ಮಾತು ಅವರಿಗೆ ತೀರಾ ನಾಜೂಕು, ಅವರದು ನನಗೆ ಗದರಿಕೆಯಂತೆ ಕೇಳುತ್ತಿತ್ತು. ಏನಾದರೂ ಹೇಳಬೇಕಾದರೆ ಇಬ್ಬರೂ ನನ್ನ ಗಂಡನ ಮೂಲಕವೇ ಹೇಳುತ್ತಿದ್ದೆವು.

ನವೆಂಬರಿನಲ್ಲಿ ಒಂದು ದಿನ ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ನನ್ನನ್ನು ಕರೆದರು. ವಾರದ ಕೊನೆಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಬರುತ್ತದಂತೆ, ಗೋಡೆಯ ಪೈಪುಗಳನ್ನು ಇನ್ನೂ ಖಾಲಿ ಮಾಡಿಲ್ಲವೇ ಎಂದು ಕೇಳಿದರು. ಹಿಂದಿನ ಮಾಲೀಕ ಒಂದು ವರ್ಷ ತಡಮಾಡಿದ್ದನಂತೆ. ಮಣ್ಣಿನೊಳಗೇ ಪೈಪು ಸೀಳಿ, ಮುಂದಿನ ಬೇಸಿಗೆಗೆ ಅರ್ಧ ಹಿತ್ತಿಲು ಅಗೆಯಬೇಕಾಯಿತಂತೆ. ಗಂಡ ಕೆಲಸದ ಮೇಲೆ ರಾಟರ್‌ಡ್ಯಾಮ್‌ಗೆ ಹೋಗಿದ್ದರು. ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ನಾನೇ ಕೆಲಸಕ್ಕೆ ಇಳಿದೆ.

ಪಂಪಿನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಹಿಂದೆ ಬಂದು ನಿಂತರು.

"ಬಂದ್ ಮಾಡಬ್ಯಾಡವಾ," ಎಂದರು. "ಈ ಊರಾಗ ಒಂದು ಕಾಗಿ ಸೈತ ಕೂಗೂದಿಲ್ಲ. ಇದೊಂದರ ಸಪ್ಪಳ ಇರ್ಲಿ."

ನಾವಿಲ್ಲದ ಹೊತ್ತಿನಲ್ಲಿ ಮನೆ ಅವರಿಗೆ ಎಷ್ಟು ಬಿಕೋ ಎನ್ನುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ನೀರು ಗಟ್ಟಿಯಾದರೆ ಉಬ್ಬುತ್ತದೆ, ಪೈಪನ್ನು ಒಳಗಿಂದಲೇ ಸೀಳುತ್ತದೆ ಎಂದು ನಿಧಾನವಾಗಿ ವಿವರಿಸಿದೆ. ಅವರು ಗೋಡೆಯನ್ನು ಒಮ್ಮೆ ನೋಡಿದರು.

"ಹಂಗಾದ್ರ ಆಗ್ಲಿ ತಗೋ. ನಾ ಏನ್ ಹಿಡೀಲಿ, ಹೇಳು."

ಪಂಪು ನಿಲ್ಲಿಸಿ, ಅದರ ಅಡಿಯ ಬಿರಡೆ ತಿರುಗಿಸಿ ನೀರು ಬಸಿದೆವು. ಕೊಳದ ನೀರನ್ನೂ ಪೈಪಿನ ಬಾಯಿಗಿಂತ ಕೆಳಕ್ಕೆ ಇಳಿಸಿದೆವು. ಆದರೆ ಗೋಡೆಗೆ ಹೋಗುವ ಪೈಪು ನೆಲದೊಳಗೆ ಬಾಗಿ ಹೋಗುತ್ತದೆ, ಆ ಬಾಗಿನಲ್ಲಿ ನಿಂತ ನೀರು ತಾನಾಗಿ ಬರುವುದಿಲ್ಲ. ಪಕ್ಕದ ಮನೆಯ ಅಜ್ಜಿ ತಮ್ಮ ದೊಡ್ಡ ವ್ಯಾಕ್ಯೂಮ್ ಕ್ಲೀನರನ್ನು ಕೈಗಾಡಿಯಲ್ಲಿಟ್ಟು ತಂದರು. ಅದರ ಕೊಳವೆಯನ್ನು ಹಿಂಬದಿಗೆ ಸಿಕ್ಕಿಸಿದರೆ ಅದು ಗಾಳಿ ಎಳೆಯುವ ಬದಲು ಊದುತ್ತದೆ. ಅದರ ಬಾಯನ್ನು ಪಂಪಿನ ಕಡೆಯ ಪೈಪಿಗೆ ಒತ್ತಿ, ಸುತ್ತ ಹಳೆಯ ಟವೆಲ್ ಬಿಗಿದು ನಾನು ಹಿಡಿದುಕೊಂಡೆ. ನೀರು ಬರುತ್ತದೋ ಬರೀ ಗಾಳಿಯೋ ನೋಡಲು ಅತ್ತೆ ಗೋಡೆಯ ಪಕ್ಕ, ಕೊಳದ ಅಂಚಿನಲ್ಲಿ ನಿಂತರು.

ಮೊದಲು ಏನೂ ಬರಲಿಲ್ಲ. ಅತ್ತೆ ಬಗ್ಗಿ ಸೀಳಿಗೆ ಕಣ್ಣು ಹಚ್ಚಿದರು. ಬೇಡ ಎಂದು ನಾನು ಕೂಗಿದ್ದು ಮೆಷಿನ್ನಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಪೈಪು ಗೊರಗೊರ ಎಂದು ಕೆಮ್ಮಿ, ಒಳಗಿದ್ದ ಕೊಳೆತ ಎಲೆಗಳ ಸಮೇತ ನೀರನ್ನೆಲ್ಲ ಅವರ ಮುಖಕ್ಕೆ ಉಗಿಯಿತು.

ನಾನು ಮೆಷಿನ್ ಬಿಟ್ಟು ಓಡಿದೆ. ಆ ಚಳಿಯಲ್ಲಿ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು, ಕಿವಿಯ ಮೇಲೆ ಒಂದು ಎಲೆ ಅಂಟಿಕೊಂಡಿತ್ತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದರು, ಗಾಬರಿಯಾಗಿ ನಿಂತಿದ್ದ ಅಜ್ಜಿಯನ್ನು ನೋಡಿದರು, ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದಂತೆ ನಕ್ಕರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರ ಅಂಥ ನಗು ನಾನು ಕೇಳಿರಲಿಲ್ಲ. ಅಜ್ಜಿಯೂ ನಕ್ಕರು, ನಾನೂ ನಕ್ಕೆ.

ಸೀರೆ ಬದಲಾಯಿಸಿ ಬನ್ನಿ ಎಂದರೆ, ಕೆಲಸ ಮುಗಿಯಲಿ ಎಂದು ಹಟ ಹಿಡಿದರು. ಮತ್ತೆ ಊದಿದೆ. ನೀರು ಹೋಗಿ ಹನಿ, ಹನಿ ಹೋಗಿ ಬರೀ ಗಾಳಿ ಬಂದಾಗ ಅವರು ಅಂಗೈ ಎತ್ತಿ ಸಾಕೆಂದು ತೋರಿಸಿದರು. ಪೈಪಿನ ವಾಲ್ವಿನ ಸಂದಿಯಲ್ಲಿ ನೀರು ನಿಲ್ಲದಿರಲೆಂದು ಅದನ್ನು ಅರ್ಧ ತೆರೆದಿಟ್ಟು, ಪೈಪಿನ ಬಾಯಿಗೆ ಬಿರಡೆ ಜಡಿದೆವು. ಆ ಚಳಿಗಾಲದಲ್ಲಿ ನಮ್ಮ ಪೈಪು ಒಡೆಯಲಿಲ್ಲ.

ಒಳಗೆ ಬಂದ ಮೇಲೆ ನಾನು ಅವರ ಕೂದಲು ಒರೆಸಿದೆ. ಅದೂ ಮೊದಲ ಸಲವೇ. ಸುಮ್ಮನೆ ತಲೆ ಒಡ್ಡಿ ಕೂತವರು, ತಾವು ಹೊಸ ಸೊಸೆಯಾಗಿದ್ದಾಗ ತಮ್ಮ ಅತ್ತೆಗೆ ಹೆದರಿ ಅಟ್ಟದ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದುದನ್ನು ಹೇಳತೊಡಗಿದರು. ಕತ್ತಲಾಗುವವರೆಗೂ ಹೇಳಿದರು.

ಭಾನುವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ತಮ್ಮ ತೋಟದ ನಲ್ಲಿಯನ್ನೂ ಖಾಲಿ ಮಾಡಬೇಕು, ಒಂದು ಕೈ ಬೇಕಿತ್ತು ಎಂದರು. ನಾನು ಬೂಟು ಹುಡುಕುವಷ್ಟರಲ್ಲಿ ಅತ್ತೆ ಕೋಟು ತೊಟ್ಟು ಹೊರಟೇ ಹೋಗಿದ್ದರು. ಒಬ್ಬರಿಗೆ ಡಚ್, ಇನ್ನೊಬ್ಬರಿಗೆ ಕನ್ನಡ, ನಡುವೆ ಯಾವ ಭಾಷೆಯೂ ಇಲ್ಲ. ಬಹಳ ಹೊತ್ತಿನ ಮೇಲೆ ಸೇಬಿನ ಜಾಮಿನ ಬಾಟಲಿಯೊಂದಿಗೆ ಮರಳಿದರು. ಹೇಗಾಯಿತು ಎಂದು ಕೇಳಿದೆ.

"ನಲ್ಲಿ ಆತು," ಎಂದರು. "ಆದ್ರ ಪಾಪ, ಆಕಿ ಚಹಾಕ್ಕ ಹಾಲ ಹಾಕೂದಿಲ್ಲವಾ. ನಾಳೆ ಮನೀಗೆ ಕರಿ."